ಗುಡಿಸದ ಅಂಗಳದ ಫೋಟೋ

“ದಯವಿಟ್ಟು ಗುಡಿಸಬೇಡಿ!”

ಕೈಯಲ್ಲಿ ಪೊರಕೆ ಹಿಡಿದವರಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ? ನಾನು ಹೇಳಿದೆ. ಅದೂ ಅವರ ಡ್ಯೂಟಿ ಟೈಮಿನಲ್ಲಿ.

ದಸರಾ ಮುಗಿದ ಮೊದಲ ಭಾನುವಾರ. ಬೊರಿವಲಿಯಿಂದ ಎರಡು ಬಸ್ಸು ಬದಲಿಸಿ ಕೆರೆ ದಂಡೆಯ ಹಳೆಯ ರಿಸಾರ್ಟೊಂದಕ್ಕೆ ಹೋಗಿದ್ದೆ. ಒಂದು ಕಾಲಕ್ಕೆ ಹೊಸ ಜೋಡಿಗಳು ದೋಣಿ ವಿಹಾರಕ್ಕೆ ಬರುತ್ತಿದ್ದ ಜಾಗ. ಈಗ ಕೋಣೆಗಳಿಗೆ ಬೀಗ, ಗೋಡೆಗಳಿಗೆ ಪಾಚಿ. ನನ್ನ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ರೋಲ್. (ಹೌದು, ಫಿಲ್ಮ್ ರೋಲ್. ಈಗಲೂ ಸಿಗುತ್ತದೆ. ಮೂವತ್ತಾರೇ ಫೋಟೋ, ಹಾಗಾಗಿ ಕೈ ಬಿಗಿ.) ಅಂಗಳದ ತುಂಬ ಬಾದಾಮಿ ಮರದ ಒಣ ಎಲೆ. ಹಾಳು ಸುರಿಯುವ ಚಿತ್ರಕ್ಕೆ ಇನ್ನೇನು ಬೇಕು?

ಗುಡಿಸುತ್ತಿದ್ದವರು ನೀಲವ್ವ. ವಿಜಯಪುರದ ಕಡೆಯವರು, ಹದಿನೆಂಟು ವರ್ಷದಿಂದ ಇಲ್ಲೇ ಕೆಲಸ. ಈ ಮರಾಠಿ ಸೀಮೆಯಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಹತ್ತಿರ ಬಂದಿದ್ದರು.

“ಎಲಿ ಇರಲೇನ್ರೀ? ನಿಮಗ ಕಸಾನೂ ಛಂದ ಕಾಣ್ತದೇನು?” ಎಂದು ನಕ್ಕು ಪೊರಕೆ ಬದಿಗಿಟ್ಟರು.

ಮೂವತ್ತೈದು ಫೋಟೋ ಆದ ಮೇಲೆ ಮೆಲ್ಲಗೆ ಕೇಳಿದರು: “ನಂದೊಂದು ತಗೀರಿ ಸಾಹೇಬ್ರ. ಇನ್ನೆರಡು ತಿಂಗಳಿಗೆ ಇದನ್ನ ಕೆಡವ್ತಾರಂತ. ನಾ ಎಲ್ಲಿ ದುಡದೀನಿ ಅಂತ ಊರಾಗಿರೋ ಮಗಳು ನೋಡೇ ಇಲ್ಲ.”

ಉಳಿದ ಒಂದನ್ನು ಅವರಿಗೆ ಕೊಟ್ಟೆ. ನನ್ನ ಔದಾರ್ಯವನ್ನು ನಾನೇ ಮೆಚ್ಚಿಕೊಂಡೆ ಕೂಡ.

ಎರಡು ವಾರ ಬಿಟ್ಟು ಪ್ರಿಂಟ್ ಒಯ್ದೆ. ನೀಲವ್ವ ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು. ತುಂಬ ಹೊತ್ತು ನೋಡಿದರು. ನಗಲಿಲ್ಲ.

“ನಾ ಛಲೋ ಬಂದೀನ್ರೀ. ಆದ್ರ ಹಿಂದ ಅಂಗಳ ನೋಡ್ರಿ, ಹೆಂಗ ಬಿದ್ದದ! ಹದಿನೆಂಟು ವರ್ಷದಾಗ ಒಂದಿನಾನೂ ಹಿಂಗ ಬಿಟ್ಟಿಲ್ಲ. ನಮ್ಮವ್ವ ಇಷ್ಟು ದಿನ ಅಲ್ಲಿ ಏನ್ ಮಾಡಿದ್ಳು ಅಂದಾಳಲ್ರೀ ಮಗಳು?”

‘ಎಂಥ ಮೂಡ್ ಮಾರಾಯ!’ ಎಂದು ಗೆಳೆಯರು ಹೊಗಳಿದ್ದ ಫೋಟೋಗಳವು. ಆ ಮೂಡ್ ಹುಟ್ಟಿದ್ದು ನಾನು ಒಬ್ಬರ ಕೆಲಸ ನಿಲ್ಲಿಸಿದ್ದರಿಂದ.

ಪುಣ್ಯಕ್ಕೆ ಬ್ಯಾಗಿನಲ್ಲಿ ಇನ್ನೊಂದು ರೋಲ್ ಇತ್ತು. “ಗುಡಿಸಿ ನೀಲವ್ವ, ನಾನು ಕಾಯ್ತೀನಿ” ಎಂದೆ.

ಮುಕ್ಕಾಲು ಗಂಟೆ ಗುಡಿಸಿದರು. ನೀರು ಚಿಮುಕಿಸಿದರು. ನಾನು ಕಟ್ಟೆಯ ಮೇಲೆ ಕೂತು ಕೆರೆ ನೋಡಿದೆ. ಕೊನೆಗೆ ಸೆರಗು ಸರಿಮಾಡಿಕೊಂಡು, ಯಜಮಾನತಿಯ ಹಾಗೆ ಅಂಗಳದ ನಡುವೆ ನಿಂತರು.

“ಈಗ ಹೊಡೀರಿ.”

ಆ ಫೋಟೋ ಈಗ ವಿಜಯಪುರದಲ್ಲಿ ಮಗಳ ಮನೆಯ ಗೋಡೆಯ ಮೇಲಿದೆಯಂತೆ. ಮೊದಲ ರೋಲಿನ ಆ ಮೂವತ್ತೈದು ನನ್ನ ಕಪಾಟಿನಲ್ಲಿವೆ.

ದಿನವೂ ಒಬ್ಬರು ಗುಡಿಸುವ ಜಾಗವನ್ನು ನಾವು ಯಾವ ಬಾಯಲ್ಲಿ ‘ಪಾಳು’ ಎನ್ನುತ್ತೇವೆ?