ಕರೂರಿನ ಹಾಲಿಗೆ ಬಿದ್ದ ಹಸಿರು ಕಣ್ಣು

2023ರ ಬೇಸಿಗೆ. ಶೈತ್ಯೀಕರಣ ಯಂತ್ರಗಳ ದುರಸ್ತಿಯಲ್ಲಿ ಇಡೀ ಸರ್ವಿಸು ಸವೆಸಿ ನಿವೃತ್ತನಾದ ನಾನು, ಕುರುಗೋಡಿನ ಮನೆಯಲ್ಲಿ ಸ್ವಂತ ಫ್ರಿಜ್ಜಿನ ಬಾಗಿಲು ಮುಚ್ಚುವುದಿಲ್ಲವೆಂಬ ಆರೋಪ ಹೊತ್ತು ಕೂತಿದ್ದೆ. ಬಳ್ಳಾರಿಯ ಖಾಸಗಿ ಹಾಲಿನ ಕಂಪನಿಯೊಂದು ನನ್ನನ್ನು ‘ತಾಂತ್ರಿಕ ಸಲಹೆಗಾರ’ ಎಂಬ ಘನ ಹುದ್ದೆಗೆ ಕರೆಯಿತು. ಯಾರೂ ಸಲಹೆ ಕೇಳದಿರುವುದೇ ಆ ಹುದ್ದೆಯ ಘನತೆ ಎಂದು ಬೇಗನೆ ತಿಳಿಯಿತು.

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಕಂಪನಿಯ ಹಾಲು ಸಂಗ್ರಹ ಕೇಂದ್ರವಿತ್ತು. ಊರಿನ ಹೆಂಗಸರು ಮುಂಜಾನೆ, ಸಂಜೆ ತಂದ ಹಾಲನ್ನು ಅಲ್ಲಿ ಅಳೆದು, ‘ಬಲ್ಕ್ ಕೂಲರ್’ ಎಂಬ ದೊಡ್ಡ ಸ್ಟೀಲ್ ತೊಟ್ಟಿಗೆ ಸುರಿಯುತ್ತಾರೆ. ತೊಟ್ಟಿಯ ಥರ್ಮೋಸ್ಟಾಟ್ ಹಾಲು ಬೆಚ್ಚಗಾದರೆ ಕಂಪ್ರೆಸರ್ ಚಾಲೂ ಮಾಡುತ್ತದೆ, ನಾಲ್ಕು ಡಿಗ್ರಿಗೆ ಇಳಿದರೆ ನಿಲ್ಲಿಸುತ್ತದೆ. ಇದಿಷ್ಟು ಕೆಲಸವನ್ನು ಹಳೆಯ ಥರ್ಮೋಸ್ಟಾಟ್ ಬಾಯಿ ಮುಚ್ಚಿಕೊಂಡು ಮಾಡುತ್ತಿತ್ತು. ಹೊಸದು ‘ಸ್ಮಾರ್ಟ್’. ಅಂದರೆ, ಮಾಡಿದ ಕೆಲಸವನ್ನು ಒಳಗಿನ ಸಿಮ್ ಮೂಲಕ ಗಳಿಗೆ ಗಳಿಗೆಗೂ ಬಳ್ಳಾರಿಯ ಕಚೇರಿಗೆ ಚಾಡಿ ಹೇಳುತ್ತದೆ. ಕಚೇರಿಯ ಎಸಿ ಕೋಣೆಯಲ್ಲಿ ಒಬ್ಬ ಮಾನಿಟರಿಂಗ್ ಸಾಹೇಬರು ಕೂತು ಪರದೆಯ ಮೇಲೆ ಹಾಲಿನ ಉಷ್ಣತೆಯ ಗೆರೆಯನ್ನು ನೋಡುತ್ತಾರೆ.

ಕರೂರಿನ ಗೆರೆ ಮಾತ್ರ ತುಂಡಾಗುತ್ತಿತ್ತು. ದಿನವೂ ಹಾಲು ಹಾಕುವ ಎರಡೂ ಹೊತ್ತಿಗೆ ಸರಿಯಾಗಿ ಯಂತ್ರ ‘ಆಫ್‌ಲೈನ್’ ಆಗುತ್ತಿತ್ತು.

ಎರಡು ಸಲ ಕಂಪನಿಯ ಮೆಕ್ಯಾನಿಕ್ ಹೋಗಿ ಬಂದ. ಎರಡು ಸಲವೂ ಮಧ್ಯಾಹ್ನ. ಸಿಮ್ ಸರಿ, ಕರೆಂಟ್ ಸರಿ, ಯಂತ್ರ ಸರಿ ಎಂದು ಬರೆದ. ಎಲ್ಲವೂ ಸರಿಯಿದ್ದರೆ ಉಳಿದದ್ದು ಕೇಂದ್ರದ ಕಾರ್ಯದರ್ಶಿ ಶಾಂತಮ್ಮ. ಆಕೆ ಹಾಲಿನ ಹೊತ್ತಿಗೆ ಬೇಕೆಂದೇ ಯಂತ್ರ ಆರಿಸಿ ಕರೆಂಟ್ ಹೋದಾಗ ಓಡಿಸಲು ಕೊಟ್ಟ ಜನರೇಟರಿನ ಡೀಸೆಲ್ ಉಳಿಸಿ ಮಾರಿಕೊಳ್ಳುತ್ತಾಳೆ ಎಂದು ಸಾಹೇಬರು ತೀರ್ಮಾನಿಸಿದರು. ಹಾಲಿನ ಲಾರಿಯ ಡ್ರೈವರ್ ಕೈಯಲ್ಲಿ ನೋಟಿಸ್ ಕಳಿಸಿ, ಸರದಿಯಲ್ಲಿ ನಿಂತ ಹೆಂಗಸರೆದುರು ಅದನ್ನು ಗಟ್ಟಿಯಾಗಿ ಓದಿಸಿದರು. ಇನ್ನೊಂದು ವಾರದಲ್ಲಿ ಗೆರೆ ಸರಿಯಾಗದಿದ್ದರೆ ಶಾಂತಮ್ಮ ವಜಾ, ಕೂಲರ್ ಬೇರೆ ಊರಿಗೆ.

ಆ ಕಡತ ನನ್ನ ಮೇಜಿಗೆ ಬಂದದ್ದು ಸಲಹೆಗಲ್ಲ, ಸಹಿಗೆ. ‘ತಾಂತ್ರಿಕ ದೋಷವಿಲ್ಲ’ ಎಂದು ನಾನು ಬರೆದುಕೊಟ್ಟರೆ ಸಾಕಿತ್ತು.

“ಸಾರ್, ಯಂತ್ರ ಆಫ್‌ಲೈನ್ ಇದ್ದಾಗ ಹಾಲು ಬಿಸಿಯಾಗಿತ್ತೇ?” ಎಂದು ಸಾಹೇಬರನ್ನು ಕೇಳಿದೆ.

“ಡೇಟಾನೇ ಇಲ್ಲವಲ್ರೀ, ಹೇಗೆ ಹೇಳೋದು?”

“ಲಾರಿ ಡೇರಿಗೆ ಬಂದಾಗ?”

“ಆಗ ತಣ್ಣಗೇ ಇತ್ತು. ಅದು ಬೇರೆ ವಿಷಯ.”

ಹಾಲಿನ ಕಂಪನಿಯಲ್ಲಿ ಹಾಲು ತಣ್ಣಗಿರುವುದು ಬೇರೆ ವಿಷಯ! ಆ ಮಾತಿಗೆ ನನ್ನ ನೆತ್ತಿಗೇರಿದ ಉಷ್ಣವನ್ನು ಅಳೆಯಲು ಅವರ ಬಳಿ ಯಾವ ಸ್ಮಾರ್ಟ್ ಯಂತ್ರವೂ ಇರಲಿಲ್ಲ. ಇಂಟರ್ನೆಟ್ ಹೋದರೂ ಥರ್ಮೋಸ್ಟಾಟ್ ತನ್ನ ಪಾಡಿಗೆ ತಾನು ಹಾಲು ತಂಪು ಮಾಡುತ್ತಲೇ ಇರುತ್ತದೆ. ನಿಲ್ಲುವುದು ಚಾಡಿ ಮಾತ್ರ. ಇದು ಅದರ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿದೆ. ಸಾಹೇಬರು ಅದನ್ನು ಓದಿರಲಿಲ್ಲ. ಸಹಿ ಹಾಕದೆ ಎದ್ದೆ.

ಮರುದಿನ ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಭತ್ತದ ಗದ್ದೆಗಳ ನಡುವೆ ಕುಲುಕುತ್ತ ಕರೂರು ಸೇರಿದೆ. ಶಾಂತಮ್ಮ ಕೇಂದ್ರದ ಬಾಗಿಲಲ್ಲೇ ನಿಂತಿದ್ದಳು. ಐವತ್ತರ ಆಸುಪಾಸು, ಸೆರಗು ಬಿಗಿದು ಸಿಕ್ಕಿಸಿದ ಹೆಂಗಸು.

“ಬರ್ರಿ. ನೀವೂ ಬೈಯಾಕ ಬಂದೀರೇನು?”

“ಇಲ್ಲಮ್ಮ, ನೋಡಾಕ ಬಂದೀನಿ.”

“ನೋಡಿ ಹೋದವರು ಭಾಳ ಮಂದಿ ಆಗ್ಯಾರ. ಹಿಂಗ ಬಂದ್ರು, ಹಂಗ ಫೋಟೋ ಹೊಡಕೊಂಡ್ರು, ಊಟದ ಹೊತ್ತಿನ ಬಸ್ಸಿಗೆ ಹೋದ್ರು. ನನ್ನ ಮಗಳಿಗೆ ಗಂಡು ನೋಡಾಕತ್ತೀವ್ರಿ. ಮೊನ್ನಿ ಬಂದವರು, ‘ಡೀಸೆಲ್ ಶಾಂತಮ್ಮನ ಮನಿ ಯಾವುದು’ ಅಂತ ಕೇಳಿಕೊಂಡು ಬಂದಿದ್ರು. ನೌಕರಿ ಹೋದ್ರ ಹೋಗಲಿ, ಈ ಹೆಸರು ಯಾರು ತೊಳೀತಾರ?”

ತೊಟ್ಟಿಯ ಕೋಣೆಗೆ ಹೋದೆ. ತೊಟ್ಟಿಯ ಬಾಯಿಯ ಪಕ್ಕದಲ್ಲೇ, ಸ್ಟೀಲ್ ಹಲಗೆಯ ಮೇಲೆ ಥರ್ಮೋಸ್ಟಾಟ್ ಪೆಟ್ಟಿಗೆ ಕೂತು ಹಸಿರು ದೀಪ ಮಿಟುಕಿಸುತ್ತಿತ್ತು. ಸಿಗ್ನಲ್ ಭರ್ತಿ, ತಂತಿ ಬಿಗಿ, ಒಂದೂ ಊನವಿಲ್ಲ. ನಾನೂ ಊಟದ ಬಸ್ಸು ಹಿಡಿದಿದ್ದರೆ ಮೂರನೆಯ ಸಲ ‘ಎಲ್ಲ ಸರಿ’ ಎಂದು ಬರೆಯಬಹುದಿತ್ತು. ಆದರೆ ರೋಗಿಗೆ ಜ್ವರ ಬರುವುದು ಹಾಲಿನ ಹೊತ್ತಿಗೆ. ಅದಕ್ಕೇ ಮೂಲೆಯಲ್ಲಿ ಖಾಲಿ ಕ್ಯಾನ್ ಬೋರಲು ಹಾಕಿ ಕೂತೆ.

ಸಂಜೆ ಹೆಂಗಸರು ಬಂದರು. ಶಾಂತಮ್ಮ ಮುಂದಿನ ಕೋಣೆಯಲ್ಲಿ ಹಾಲು ಅಳೆಯತೊಡಗಿದಳು. ತುಂಬಿದ ಕ್ಯಾನ್ ಹೊತ್ತು ತೊಟ್ಟಿಗೆ ಸುರಿಯುವವಳು ಗಂಗಮ್ಮ. ಮಾತಿನಲ್ಲಿ ಮೆಣಸಿನಕಾಯಿ ಹುರಿಯುವ ಮುದುಕಿ. ಒಳಗೆ ಬಂದವಳೇ ಕ್ಯಾನ್ ಇಳಿಸಿದಳು. ಗೋಡೆಯ ಮೊಳೆಯಿಂದ ದೊಡ್ಡ ಸ್ಟೀಲ್ ಬೋಗುಣಿ ತೆಗೆದು, ಎಷ್ಟೋ ದಿನದ ರೂಢಿಯಂತೆ ಥರ್ಮೋಸ್ಟಾಟಿನ ಮೇಲೆ ಬೋರಲು ಹಾಕಿದಳು. ಆಮೇಲಷ್ಟೇ ತೊಟ್ಟಿಯ ಮುಚ್ಚಳ ತೆರೆದಳು.

ನನ್ನ ಫೋನಿನ ಆ್ಯಪ್‌ನಲ್ಲಿ ಸ್ವಲ್ಪ ಹೊತ್ತಿಗೆ ಕೆಂಪು ಅಕ್ಷರ ಮೂಡಿತು: ಆಫ್‌ಲೈನ್. ಕೆಳಗೆ ಸ್ಟೀಲ್ ಹಲಗೆ, ಮೇಲೆ ಸ್ಟೀಲ್ ಬೋಗುಣಿ. ಸಿಗ್ನಲ್ ಹೊರಬರಲು ಸಂದಿಲ್ಲ.

“ಅದರ ಮ್ಯಾಲೆ ಯಾಕ ಮುಚ್ಚಿದಿ ತಾಯಿ?”

ಗಂಗಮ್ಮ ನನ್ನನ್ನು ಕನಿಕರದಿಂದ ನೋಡಿದಳು. “ಹಾಲಿನ ಬಾಯಿ ತೆರದಿರ್ತೈತಿ, ಅದು ಬಾಜೂಕ ಕುಂತು ಮಿಕಿ ಮಿಕಿ ನೋಡ್ತಿರ್ತೈತಿ. ದಿಷ್ಟಿ ಆಗಂಗಿಲ್ಲೇನ್ರಿ? ಹಾಲಿಗಿ ಮನಿಷಾರ ಕಣ್ಣ ಬೀಳಬಾರದು ಅಂತ ಸೆರಗು ಮುಚ್ಚಿ ತರ್ತೀವಿ. ಇದು ಕಣ್ಣು ಮುಚ್ಚಿ ಮಲಗೋದ ಇಲ್ಲ.”

“ಶಾಂತಮ್ಮಗ ಗೊತ್ತೈತೇನು?”

“ಊರಿಗೇ ಗೊತ್ತೈತಿ! ಅದು ಬಂದ ವಾರದಾಗ ತೊಟ್ಟಿ ತೊಟ್ಟಿ ಹಾಲ ಒಡೀತು. ಅವತ್ತಿಂದ ಮುಚ್ಚಾಕತ್ತೀವಿ. ಮ್ಯಾಲೆ ಒಂದ ದಿನ ಒಡದಿಲ್ಲ, ಕೇಳ್ರಿ ಬೇಕಾರ.”

“ಸಾಹೇಬರಿಗೆ ಯಾಕ ಹೇಳಲಿಲ್ಲ?”

“ಕೇಳಿದ್ರ ಹೇಳಬೇಕು. ಅವರು ‘ಸ್ವಿಚ್ ಆರಿಸಿದ್ರೇನು’ ಅಂದ್ರು. ನಾವು ಸ್ವಿಚ್ ಮುಟ್ಟೇ ಇಲ್ಲ.”

ಹಾಲು ಒಡೆದ ಮಾತು ನನ್ನನ್ನು ಕುಟುಕಿತು. ಬೋಗುಣಿ ಎತ್ತಿ ಯಂತ್ರದ ಹಳೆಯ ಸೆಟ್ಟಿಂಗ್‌ಗಳನ್ನು ತೆರೆದೆ. ಕೂರಿಸಿದ ಮೊದಲ ವಾರ, ಕಂಪನಿಯ ಮಹಾನುಭಾವ ಹಾಲನ್ನು ನಾಲ್ಕು ಡಿಗ್ರಿಗೆ ಬದಲು ಹದಿನಾಲ್ಕಕ್ಕೆ ಇಳಿಸುವಂತೆ ಇಟ್ಟು ಹೋಗಿದ್ದ. ಹಾಲು ಒಡೆದ ಮೇಲೆ ಸದ್ದಿಲ್ಲದೆ ದೂರದಿಂದಲೇ ತಿದ್ದಿದ್ದರು. ಕಡತದಲ್ಲಿ ಮಾತ್ರ ತಪ್ಪನ್ನು ಹೆಂಗಸರ ತೊಳೆಯದ ಕ್ಯಾನುಗಳ ಮೇಲೆ ಹೊರಿಸಿದ್ದರು. ಆ ಯಂತ್ರವೇ ಹಾಲು ಕೆಡಿಸಿತೆಂದು ಗಂಗಮ್ಮ ಹೇಳಿದ್ದು ಅಕ್ಷರಶಃ ನಿಜ. ಆಕೆಯ ತೀರ್ಮಾನ ಸರಿ, ಸಿದ್ಧಾಂತವಷ್ಟೇ ಬೇರೆ. ಕಚೇರಿಯವರಲ್ಲಿ ಎರಡೂ ಇರಲಿಲ್ಲ.

ಶಾಂತಮ್ಮನನ್ನು ಕರೆದು ವಿಷಯ ಹೇಳಿದೆ. ಆಕೆ ಬೋಗುಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಈ ಬೋಗುಣಿ ಸಲವಾಗಿ ನಾ ಕಳ್ಳಿ ಆದ್ನೇನ್ರಿ?”

ಅಲ್ಲಿಂದಲೇ ಸಾಹೇಬರಿಗೆ ಫೋನ್ ಹಚ್ಚಿ, ಸ್ಪೀಕರ್‌ಗೆ ಹಾಕಿದೆ. “ಸಾರ್, ಪರದೆ ನೋಡ್ತಾ ಇರಿ,” ಎಂದು ಬೋಗುಣಿ ಮುಚ್ಚಿದೆ. ಕಾದೆವು.

“ಆಫ್‌ಲೈನ್ ಆಯ್ತು. ನೋಡಿದ್ರಾ, ನಾನು ಹೇಳಲಿಲ್ವಾ?”

ತೆಗೆದೆ. ಮತ್ತೆ ಕಾದೆವು.

“ಈಗ ಬಂತು... ಏನ್ ಮಾಡಿದ್ರಿ?”

“ಪಾತ್ರೆ ಎತ್ತಿದೆ ಸಾರ್. ದೋಷ ನಾವು ಯಂತ್ರ ಇಟ್ಟ ಜಾಗದ್ದು. ಡೀಸೆಲ್ಲು ಯಾರೂ ಕುಡಿದಿಲ್ಲ. ಮೊದಲ ವಾರದ ಹದಿನಾಲ್ಕು ಡಿಗ್ರಿಯ ಚರಿತ್ರೆಯೂ ನನ್ನ ಕಣ್ಣೆದುರಿಗಿದೆ.”

ಸಾಹೇಬರು, “ಸರಿ, ನೋಟಿಸ್ ಕ್ಲೋಸ್ ಮಾಡ್ತೀನಿ” ಎಂದರು.

ಶಾಂತಮ್ಮ ಫೋನ್ ನನ್ನ ಕೈಯಿಂದ ತೆಗೆದುಕೊಂಡಳು. ದನಿ ಏರಿಸಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. “ಸಾಹೇಬ್ರ, ಕಳ್ಳಿ ಅಂತ ಸರದಿ ಮುಂದ ಓದಿಸಿದ್ರಿ. ಅಲ್ಲ ಅಂತನೂ ಸರದಿ ಮುಂದನ ಬಂದು ಹೇಳ್ರಿ. ಲಾರಿ ಡ್ರೈವರನ್ನ ಕಳಸಬ್ಯಾಡ್ರಿ. ಅಲ್ಲೀತನ ಈ ತೊಟ್ಟಿಗಿ ಒಂದ ಹನಿ ಬೀಳಂಗಿಲ್ಲ.”

ಹೊರಗೆ ಸರದಿಯಲ್ಲಿದ್ದ ಹೆಂಗಸರು ಆಗಲೇ ಕ್ಯಾನುಗಳ ಮುಚ್ಚಳ ಹಾಕುತ್ತಿದ್ದರು. “ಮೊಸರು ಹಾಕಿದ್ರಾತು ಬಿಡವ್ವ,” ಎಂದು ಯಾರೋ ನಕ್ಕರು. ಮರುದಿನ ಮುಂಜಾನೆ ಕರೂರಿನಲ್ಲಿ ಕಂಪನಿಯ ಲಾರಿಗೆ ಸಿಕ್ಕಿದ್ದು ಧೂಳು ಮಾತ್ರ. ಅದೇ ಸಂಜೆಗೆ ಸಾಹೇಬರ ಜೀಪು ಬಂತು.

ಅವರು ಎಲ್ಲರೆದುರು ನಿಂತು, ಶಾಂತಮ್ಮ ಏನೂ ಕದ್ದಿಲ್ಲವೆಂದೂ, ಮೊದಲ ವಾರದ ಹಾಲು ಕಂಪನಿಯ ತಪ್ಪಿನಿಂದ ಕೆಟ್ಟಿತೆಂದೂ ಹೇಳಿದರು. ಮೊದಲ ಸಲ ಗೊಣಗಿದ್ದರಿಂದ “ಕೇಳಲಿಲ್ರೀ!” ಎಂಬ ಕೂಗೆದ್ದು, ಎರಡನೆಯ ಸಲ ಗಟ್ಟಿಯಾಗಿ ಹೇಳಬೇಕಾಯಿತು. ಶಾಂತಮ್ಮ ತಲೆಯಾಡಿಸಿ, ಮೊದಲ ಕ್ಯಾನ್ ಅಳೆಯಲು ಕೂತಳು.

ರಾತ್ರಿ ಊರಲ್ಲೇ ಉಳಿದಿದ್ದ ನಾನು ಅಷ್ಟರಲ್ಲಿ ಪೆಟ್ಟಿಗೆಯನ್ನು ತೊಟ್ಟಿಯ ಬಳಿಯಿಂದ ಬಾಗಿಲ ಮೇಲಿನ ಗೋಡೆಗೆ ಏರಿಸಿದ್ದೆ. ಗಂಗಮ್ಮ ಅಲ್ಲಿಂದಲೂ ಅದು ನೋಡುತ್ತದೆಂದಳು. ಆಕ್ಷೇಪಣೆ ನ್ಯಾಯವಾಗಿತ್ತು. ಆಕೆಯ ಮೊಮ್ಮಗುವಿನ ಕಾಡಿಗೆ ತರಿಸಿ, ಹಸಿರು ದೀಪದ ಮೇಲೆ ಕೂಸಿನ ಕೆನ್ನೆಗೆ ಇಡುವಂಥ ಒಂದು ದಪ್ಪ ಬೊಟ್ಟು ಇಟ್ಟೆ. ಕಣ್ಣು ಮುಚ್ಚಿತು. ಸಿಗ್ನಲ್ಲಿಗೆ ಕಾಡಿಗೆಯ ಹಂಗಿಲ್ಲ. ಗೆರೆ ಆಮೇಲೆ ತುಂಡಾಗಲಿಲ್ಲ.

ಬಳ್ಳಾರಿಗೆ ಮರಳಿ ವರದಿ ತುಂಬಲು ಕೂತಾಗ, ‘ಕೈಗೊಂಡ ಕ್ರಮ’ ಎಂಬಲ್ಲಿ “ಯಂತ್ರಕ್ಕೆ ದೃಷ್ಟಿಬೊಟ್ಟು ಇಡಲಾಯಿತು” ಎಂದು ಸ್ಪಷ್ಟ ಕನ್ನಡದಲ್ಲಿ ಬರೆದು ಸಹಿ ಹಾಕಿದೆ. ಆ ಕಂಪನಿಯಲ್ಲಿ ನಾನು ಮನಃಪೂರ್ವಕವಾಗಿ ಹಾಕಿದ ಸಹಿ ಅದೊಂದೇ.

ಯಂತ್ರ ಮಾತು ನಿಲ್ಲಿಸಿದರೆ, ಅದರ ಬಳಿ ನಿಂತವರನ್ನು ಮೊದಲು ಮಾತಾಡಿಸಬೇಕು; ಕಳ್ಳರೆನ್ನುವುದು ಆಮೇಲಿನ ಮಾತು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಕಂಪನಿ ಖರ್ಚಿನಲ್ಲಿ. ಸಾಹೇಬರು ಎಷ್ಟು ಕಲಿತರೋ ಕಾಣೆ. ಅವತ್ತು ಕರೂರಿನಿಂದ ಹೊರಡುವ ಮುಂಚೆ ಅವರು ತೊಟ್ಟಿಯ ಕೋಣೆಗೆ ಬಂದು, ತೆರೆದ ಹಾಲಿನ ಮೇಲೆ ಬಾಗಿ ದಿಟ್ಟಿಸುತ್ತ ನಿಂತರು. ಗಂಗಮ್ಮ ಕ್ಯಾನ್ ಇಳಿಸಿದಳು. ಗೋಡೆಯ ಮೊಳೆಯ ಕಡೆ ಕೈ ಚಾಚಿ ಬೋಗುಣಿ ತೆಗೆದುಕೊಂಡು, ಅವರ ತಲೆಯ ಅಳತೆ ನೋಡಿದಳು.

“ಹಿಂದಕ್ಕ ಸರೀರಿ ಸಾಹೇಬ್ರ. ಇಲ್ಲಾಂದ್ರ ನಿಮ್ಮನ್ನೂ ಮುಚ್ಚಬೇಕಾಕ್ಕೈತಿ.”