ಬಟ್ಟೆಗೆ ಮಾತ್ರ ಇದ್ದ ಕತ್ತರಿ

ಹೋದ ಭಾನುವಾರ ಆರ್.ಟಿ. ನಗರದ ಕೋಳಿ ಅಂಗಡಿಯ ಮುಂದೆ ನಿಂತಿದ್ದಾಗ ನನ್ನ ಚಪ್ಪಲಿಗೆ ಒಂದು ಗರಿ ಅಂಟಿಕೊಂಡಿತು. ಹುಂಜದ ಕುತ್ತಿಗೆಯ ಗರಿ. ತುಕ್ಕಿನ ಬಣ್ಣ, ತುದಿಯಲ್ಲಿ ಕಪ್ಪು. ಬೇರೆಯವರಾಗಿದ್ದರೆ ಕಾಲು ಜಾಡಿಸಿ ಸುಮ್ಮನಾಗುತ್ತಿದ್ದರು. ನಾನು ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಎಳೆ ಸವರಿ ಜೇಬಿಗೆ ಹಾಕಿಕೊಂಡೆ. ಅಂಗಡಿಯವನು ತೂಗುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದ. ಅಂಥ ನೋಟ ನನ್ನ ಮುಖಕ್ಕೆ ಹೊಸದಲ್ಲ.

ಅಂಥ ಗರಿಗಳನ್ನು ಬಿಸ್ಕತ್ ಡಬ್ಬಿಯಲ್ಲಿ ಅಳತೆಯ ಪ್ರಕಾರ ಜೋಡಿಸಿಡುತ್ತಿದ್ದವರು ನಮ್ಮ ಬೀದಿಯ ಟೈಲರ್ ಮಾಸ್ಟ್ರು. ಮೆಟ್ಟಿಲ ಕೆಳಗಿನ ಅಂಗಡಿ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳಬೇಕು, ಅಷ್ಟು ಜಾಗ. ಹೊಲಿಗೆ ಮುಗಿದ ಮೇಲೆ ಅವರು ಸಣ್ಣ ಗಾಳದ ಕೊಕ್ಕೆಗೆ ಗರಿ ಇಟ್ಟು, ಕೆಂಪು ದಾರ ಸುತ್ತಿ ಸುತ್ತಿ ಹುಳ ಮಾಡುತ್ತಿದ್ದರು. ನೀರಿನ ಮೇಲೆ ಬಿದ್ದರೆ ಮೀನು ನಿಜವಾದ ನೊಣವೆಂದೇ ನಂಬಿ ಬಾಯಿ ಹಾಕಬೇಕು. ಎರೆಹುಳ ಚುಚ್ಚಿ ಕೂರುವವರನ್ನು ಕಂಡರೆ ಅವರಿಗೆ ತಾತ್ಸಾರ. "ಅದು ಮೀನ್ ಇಡಿಯೋದಲ್ಲ ಕಣಪ್ಪ, ಊಟಕ್ ಕರೆಯೋದು," ಎನ್ನುತ್ತಿದ್ದರು. ಚಿಕ್ಕಜಾಲದ ಕಡೆಯವರು, ಮಾತಿನಲ್ಲಿ ಹಕಾರ ಕಮ್ಮಿ.

ಅಂಗಡಿಯಲ್ಲಿ ಇದ್ದದ್ದು ಒಂದೇ ಕಾನೂನು. ಕಪ್ಪು ಹಿಡಿಯ ದೊಡ್ಡ ಕತ್ತರಿ ಬಟ್ಟೆಗೆ ಮಾತ್ರ. ಕಾಗದಕ್ಕಿಲ್ಲ, ದಾರಕ್ಕೂ ಇಲ್ಲ. ದಾರವನ್ನು ಹಲ್ಲಿನಲ್ಲೇ ಕಚ್ಚುತ್ತಿದ್ದರು. ಇದು ಗೊತ್ತಿದ್ದೂ ನಾನೊಮ್ಮೆ ಅದರಲ್ಲಿ ಚಿಪ್ಸ್ ಪ್ಯಾಕೆಟ್ ಕತ್ತರಿಸಿದೆ. ಮಾಸ್ಟ್ರು ಬೈಯಲಿಲ್ಲ. ಕಾಲೇಜ್ ಡೇಗೆಂದು ಕೊಟ್ಟಿದ್ದ ನನ್ನ ಪ್ಯಾಂಟನ್ನು ಎಷ್ಟು ಬಿಗಿಯಾಗಿ ಹೊಲಿದರೆಂದರೆ, ಆ ಸಂಜೆ ಮೂರು ಗಂಟೆ ಗರುಡಗಂಬದಂತೆ ನಿಂತೇ ಕಳೆದೆ. ಪ್ರಿನ್ಸಿಪಾಲರ ಮುಂದೆ ತಲೆಬಾಗಲೂ ಆಗದೆ ಅಹಂಕಾರಿ ಎಂಬ ಹೆಸರು ಬಂತು.

ಅವರ ಬಳಿ ಒಂದು ಉದ್ದನೆಯ ಮೀನಿನ ಕೋಲು ಇತ್ತು. ಬಳುಕುವ ವಿದೇಶಿ ಕೋಲು, ಅದಕ್ಕೊಂದು ರಾಟೆ. ಅದು ಅವರದಲ್ಲ, ತೀರಿಹೋದ ಒಬ್ಬ ಗೆಳೆಯನದು ಎನ್ನುವುದಷ್ಟೇ ನಮಗೆ ಗೊತ್ತಿತ್ತು. ಹೇಗೆ ಹೋದ ಎಂದು ನಾವು ಕೇಳಿರಲಿಲ್ಲ... ಆ ವಯಸ್ಸಿನಲ್ಲಿ ದೊಡ್ಡವರ ಗೆಳೆಯರೆಲ್ಲ ಸಕ್ಕರೆ ಕಾಯಿಲೆಯಿಂದಲೇ ಸಾಯುತ್ತಾರೆಂದು ನಂಬಿದ್ದೆವು. ಆ ಕೋಲಿನಿಂದ ಹುಳ ಎಸೆಯುವುದನ್ನು ನನಗೂ ನನ್ನ ಗೆಳೆಯ ಗುಂಡನಿಗೂ ತಾರಸಿಯ ಮೇಲೆ ಹೇಳಿಕೊಟ್ಟರು. ಮೊದಲ ತಿಂಗಳಲ್ಲಿ ನಾನು ಹಿಡಿದದ್ದು ಎದುರುಮನೆಯ ನೈಟಿ ಒಂದು, ಟೀವಿ ಕೇಬಲ್ ಒಂದು, ನನ್ನದೇ ಕಿವಿ ಎರಡು ಸಲ.

ಅದು 2013ರ ಬೇಸಿಗೆ. ಮಾಸ್ಟ್ರಿಗೆ ಕಣ್ಣು ಮಂಜಾಗತೊಡಗಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದರು. ಒಂದು ದಿನ ಹಾಗೆ ಪೋಣಿಸುತ್ತಿರುವಾಗ ಕೇಳಿದರು.

"ಭಾನುವಾರ ಆ ಗುಂಡನ್ ವ್ಯಾನ್ ಸಿಗ್ತದೇನಪ್ಪ? ಅರ್ಕಾವತಿ ಉದ್ದಕ್ಕೂ ಓಗ್ಬರಾನ."

"ಮಾಸ್ಟ್ರೇ, ಅದ್ರಲ್ಲಿ ನೀರೇ ಇಲ್ವಲ್ಲ."

"ಗೊತ್ತು. ಕಣ್ ಪೂರ್ತಿ ಓಗೋಕ್ ಮುಂಚೆ ಒಂದ್ಸಲ ಆ ಕೋಲಿಂದ ಅಲ್ ದಾರ ಎಸೀಬೇಕು. ಅವ್ನೂ ನಾನೂ ಕೊನೇಲಿ ನಿಂತಿದ್ ಜಾಗ."

ಗುಂಡನ ಓಮ್ನಿಯಲ್ಲಿ ಮೂವರೂ ಹೊರಟೆವು. ಹೆಬ್ಬಾಳ, ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೋಗಿ, ಅಲ್ಲಿಂದ ಹೊಳೆಯ ಜಾಡು ಹಿಡಿದು ಕೆಳಗೆ ಬರುವುದು. ಮೊದಲ ಸೇತುವೆಯ ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಎರಡನೆಯದರ ಕೆಳಗೆ ಜೋಳ ಒಣಹಾಕಿದ್ದರು. ನಾನು ಹೊಸ ಟೋಪಿ, ಮೊಣಕಾಲುದ್ದದ ಗಂಬೂಟು ಹಾಕಿ ಬಂದಿದ್ದೆ. ಜೋಳ ಕಾಯುತ್ತಿದ್ದ ಅಜ್ಜಿ ನನ್ನ ಬೂಟನ್ನೂ ಕೋಲನ್ನೂ ನೋಡಿ, "ಕರೆಂಟ್ ಆಫೀಸ್ನೋರಾ?" ಎಂದು ಕೇಳಿತು.

"ಮೀನು ಹಿಡಿಯೋಕ್ ಬಂದಿದೀವಿ ಅಜ್ಜಿ," ಎಂದ ಗುಂಡ.

ಅಜ್ಜಿ ನಗಲಿಲ್ಲ. ಮಾಸ್ಟ್ರ ಮುಖವನ್ನು ಬಹಳ ಹೊತ್ತು ನೋಡಿ, ಜೋಳ ಕೆದಕುತ್ತಾ ಸೇತುವೆಯ ನೆರಳಿಗೆ ಸರಿದುಬಿಟ್ಟಿತು.

ಹೆಸರಘಟ್ಟ ತಲುಪಿದಾಗ ಮಟಮಟ ಮಧ್ಯಾಹ್ನ. ಕೆರೆ ಎಂದರೆ ಕಣ್ಣು ಹಾಯುವಷ್ಟು ಒಣಹುಲ್ಲು, ಅದರ ನಡುವೆ ಬಿಳಿ ಬಸವನಹುಳುಗಳ ಚಿಪ್ಪು. ಒಂದು ಹಕ್ಕಿಯ ದನಿಯೂ ಇಲ್ಲ. ಮಾಸ್ಟ್ರು ಹಳೆಯ ದಡದ ಮೇಲೆ ನಡೆಯುತ್ತಾ ಒಂದು ಬಂಡೆಯ ಹತ್ತಿರ ನಿಂತು, ಕಾಲಿನಲ್ಲಿ ಅದನ್ನು ಸವರಿ ನೋಡಿದರು. "ಇದೇ. ನಾನ್ ಕೆಳಗಿಳಿಯಲ್ಲ, ಇಲ್ಲಿಂದ್ಲೇ," ಎಂದರು.

ಕೋಲು ಎರಡು ಸಲ ಹಿಂದೆ ಮುಂದೆ ಬೀಸಿತು. ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗಿ, ಐವತ್ತು ಅಡಿ ಆಚೆಯ ಒಂದು ಸತ್ತ ಜಾಲಿಯ ಬುಡದಲ್ಲಿ ಹುಳ ಕೂತಿತು. ಸೂಜಿಯ ಕಣ್ಣು ಕಾಣದವರು, ಒಂದೇ ಎಸೆತ. ಎಳೆದರೆ ಬರಲಿಲ್ಲ, ಬೇರಿಗೆ ಸಿಕ್ಕಿಕೊಂಡಿತ್ತು. ಮಾಸ್ಟ್ರ ಮುಖ ಸೀಮೆಸುಣ್ಣವಾಯಿತು.

"ನಾನ್ ಬಿಡಿಸ್ಕೊಂಡ್ ಬರ್ತೀನಿ," ಎಂದು ಇಳಿದೆ.

ಇಳಿದವನು ಸುಮ್ಮನೆ ನಡೆದಿದ್ದರೆ ಈ ಲೇಖನ ಬೇಕಿರಲಿಲ್ಲ. ಗಂಬೂಟು ಹಾಕಿದ ಕೋತಿ ನಾನು. ಒಣಹುಲ್ಲಿನಲ್ಲಿ ಈಜುವವನಂತೆ ಕೈ ಬಡಿದೆ, ಕೆನ್ನೆ ಉಬ್ಬಿಸಿದೆ. "ಮಗಾ, ಆಳ ಜಾಸ್ತಿ ಕಣೋ, ಮುಳುಗ್ತಿದೀನಿ," ಎಂದು ಎಡಗೈ ಮೇಲೆತ್ತಿ ಎರಡು ಬೆರಳು ಆಡಿಸುತ್ತಾ ಕುಸಿದೆ. ಹಿಂದೆ ಗುಂಡ ನಗುತ್ತಿದ್ದ. ಆಮೇಲೆ ಆ ನಗು ನಿಂತಿತು. ನಿಲ್ಲಿಸಿದ್ದಲ್ಲ, ನನ್ನ ಕಿವಿಗೆ ನೀರು ಹೊಕ್ಕಂತೆ ಕೇಳಿಸುವುದೇ ನಿಂತಿತು.

ಜಾಲಿಯ ಬುಡದ ಹತ್ತಿರ ಮೇಲಿನ ಒಣ ಪದರ ಒಡೆದು ಬಲಗಾಲು ಮೊಣಕಾಲಿನವರೆಗೆ ಕೆಸರಿಗೆ ಇಳಿಯಿತು. ಆ ಬಿಸಿಲಿನಲ್ಲೂ ಒಳಗೆ ಮಂಜಿನಷ್ಟು ತಣ್ಣಗಿತ್ತು. ನಾನು ದಾರ ಹಿಡಿದೆ. ಅದು ಕೈಯಲ್ಲಿ ಮೂರು ಸಲ ಜಗ್ಗಿತು, ನಿಧಾನವಾಗಿ, ಬಿಟ್ಟು ಬಿಟ್ಟು. ಮಾಸ್ಟ್ರು ಎಳೆಯುತ್ತಿದ್ದಾರೆಂದು ತಿರುಗಿದೆ. ಕೋಲು ಬಂಡೆಯ ಮೇಲೆ ಮಲಗಿತ್ತು. ಗುಂಡ ಅದರಿಂದ ಮಾರು ದೂರ ನಿಂತಿದ್ದ.

ಮಾಸ್ಟ್ರು ಕೆರೆಗೆ ಇಳಿದು ಬರುತ್ತಿದ್ದರು. ಗದ್ದ ಮೇಲೆತ್ತಿ, ಕಾಲು ಎಳೆದೆಳೆದು ಹಾಕುತ್ತಾ, ಎದೆಮಟ್ಟದ ನೀರಿನಲ್ಲಿ ನಡೆಯುವವರಂತೆ... ಬಲಗೈ ತಲೆಯ ಮೇಲಿತ್ತು. ಒದ್ದೆಯಾಗಬಾರದೆಂಬಂತೆ ಎತ್ತಿ ಹಿಡಿದಿದ್ದ ಆ ಕೈಯಲ್ಲಿ ಕಪ್ಪು ಹಿಡಿಯ ಕತ್ತರಿ.

"ಅಲ್ಲಾಡ್ಬೇಡ್ವೋ," ಎಂದರು. ಮುಚ್ಚಿದ ಕಿವಿಗೂ ಅದೊಂದು ಕೇಳಿಸಿತು, ಆದರೆ ಅದು ನನಗೆ ಹೇಳಿದ ದನಿಯಲ್ಲ. "ಕತ್ರಿ ತಂದಿದೀನಿ. ಬಂದೆ."

ಬಗ್ಗಿ, ಕೈಯಿಂದ ತಡಕಿ, ಹುಳದ ಬುಡಕ್ಕೇ ಕತ್ತರಿ ಹಾಕಿದರು. ದಾರದ ಜೊತೆ ಕೊಕ್ಕೆಯ ಉಕ್ಕಿಗೂ ಬಾಯಿ ಬಿದ್ದು ಕಟಕ್ ಎಂದಿತು. ಕಿವಿ ಬಿಟ್ಟುಕೊಂಡಿತು, ದೂರದ ರಸ್ತೆಯ ಬಸ್ ಸದ್ದು, ಗುಂಡನ ಕೂಗು ಎಲ್ಲ ಒಟ್ಟಿಗೆ ಬಂದವು. ನಾನು ಬೇರು ಹಿಡಿದು ಮೇಲೇಳುವಾಗ ಕಂಡೆ. ನಮ್ಮ ದಾರದ ಕೆಳಗೆ ಅದೇ ಬೇರಿಗೆ ಇನ್ನೊಂದು ನೈಲಾನು ಸುತ್ತಿಕೊಂಡಿತ್ತು. ಹಳೆಯದು, ಪಾಚಿ ಒಣಗಿ ಹಸಿರಾದದ್ದು.

ವ್ಯಾನು ಯಲಹಂಕ ಮುಟ್ಟುವಾಗ ಮಾಸ್ಟ್ರೇ ಮಾತು ಶುರುಮಾಡಿದರು.

"ಅವತ್ತೂ ಅಲ್ಲೇ ಸಿಕ್ಕಾಕ್ಕೊಂಡಿತ್ತು. ಕೆರೆ ತುಂಬಿತ್ತು. ನೈಲಾನು ದಪ್ಪ, ಕಚ್ಚಿದ್ರೂ ತುಂಡಾಗಲ್ಲ. ಕತ್ರಿ ಕೊಡೋ, ಕತ್ರಿಸ್ಬಿಡಾನ ಅಂದ. ನನ್ ಚೀಲದಲ್ಲೇ ಇತ್ತು. ಬಟ್ಟೆ ಕತ್ರಿ, ಬಾಯಿ ಓಗ್ತದೆ, ನೀನೇ ಓಗಿ ಬಿಡಿಸ್ಕೊಂಡ್ ಬಾ ಅಂದೆ."

ಗುಂಡ ಗೇರ್ ಹಾಕುವುದನ್ನೂ ಮರೆತ. ಮಾಸ್ಟ್ರು ನನ್ನ ಕಡೆ ತಿರುಗಿದರು.

"ಮುಳುಗೋವಾಗ ಅವ್ನು ಅಂಗೇ ಬೆರಳಾಡ್ಸಿ ಕತ್ರಿ ಕೇಳ್ತಿದ್ದ. ಎಡಗೈ ಎತ್ತಿ ಎರಡ್ ಬೆರಳು ಆಡ್ಸೋದ್ನ ನಿಂಗ್ಯಾರಪ್ಪ ಏಳ್ಕೊಟ್ರು?"

 ಎಲ್ಲದಕ್ಕೂ ಒಂದು ಜೋಕು ಇಟ್ಟುಕೊಂಡಿರುವವನು ನಾನು. ಅವತ್ತು ಗಂಬೂಟಿನೊಳಗಿನ ಕೆಸರನ್ನು ಬೆರಳಿನಲ್ಲಿ ಒತ್ತುತ್ತಾ ಕೂತಿದ್ದೆ.

ಕೊಕ್ಕೆಯ ಉಕ್ಕು ತಾಗಿ ಕತ್ತರಿಯ ಬಾಯಿ ಒಂದು ಕಡೆ ಸಣ್ಣಗೆ ಮುಕ್ಕಾಗಿತ್ತು. ಮಾಸ್ಟ್ರು ಅದನ್ನು ಸಾಣೆಗೆ ಕೊಡಲಿಲ್ಲ. ಕೊಡಿ ಎಂದರೆ, "ಇರ್ಲಿ, ಇನ್ಮೇಲೆ ಎಲ್ಲಾದಕ್ಕೂ ಆಗ್ತದೆ," ಎಂದು, ನನ್ನ ಕೈಯಿಂದ ಚಿಪ್ಸ್ ಪ್ಯಾಕೆಟ್ ಕಸಿದು ಅದರಲ್ಲೇ ಕತ್ತರಿಸಿ ಕೊಟ್ಟರು. ನಾನು ಅದನ್ನು ತಿನ್ನದೆ ಹಾಗೇ ಮನೆಗೆ ಒಯ್ದೆ.

ಮಾಸ್ಟ್ರು ಹೋಗಿ ಮೂರು ವರ್ಷವಾಯಿತು. ಆ ಈಜಿಗೆ ಕ್ಷಮೆ ಕೇಳಬೇಕೆಂದು ಅಂಗಡಿಯ ಮುಂದೆ ಎಷ್ಟೋ ಸಲ ನಿಂತೆ. ಪ್ರತಿಸಲವೂ ಗುಂಡಿ ಹಾಕಿಸುವ ನೆಪ ಹೇಳಿ ಬಂದೆ. ಚೆನ್ನಾಗಿದ್ದ ಗುಂಡಿಗಳನ್ನು ನಾನೇ ಕಿತ್ತುಕೊಂಡು ಹೋಗುತ್ತಿದ್ದೆ.

ಕೋಳಿ ಅಂಗಡಿಯಿಂದ ಬಂದವನು ಅವರು ಕೊನೆಗೆ ಹೊಲಿದ ಅಂಗಿಯನ್ನು ತೆಗೆದು ಒಳಮೈ ಹೊರಗೆ ಮಾಡಿ ನೋಡಿದೆ. ಹೊಲಿಗೆಯ ಅಂಚಿನಲ್ಲಿ, ಆ ಮುಕ್ಕು ಕತ್ತರಿ ಒಮ್ಮೆ ಬಾಯಿ ಮುಚ್ಚಿದಷ್ಟು ದೂರಕ್ಕೊಂದರಂತೆ, ಸಣ್ಣ ಸಣ್ಣ ಕಡಿತ. ಮೀನು ಬಾಯಿ ಹಾಕಿ ಬಿಟ್ಟ ಹಾಗೆ. ಗರಿಯನ್ನು ಅದರ ಜೇಬಿಗೆ ಹಾಕಿ ಮಡಿಸಿಟ್ಟೆ. ದಾರ ಸುತ್ತುವುದು ನನಗೆ ಬರುವುದಿಲ್ಲ... ಕಲಿಸುವವರು ಇದ್ದಾಗ ನಾನು ನೈಟಿ ಹಿಡಿಯುತ್ತಿದ್ದೆ.