ಅನಿತಾ ಬಿಡದ ನಕ್ಷತ್ರ

ಝುರ್... ಝುರ್... ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ಬೆಳಗಿನಿಂದ ಮೊರದ ಸದ್ದು. ಭಾನುವಾರ ಊರಿಗೆ ಬಂದರೆ ವಾರದ ಅಕ್ಕಿಯನ್ನು ಅನಿತಾಳೇ ಕೇರಬೇಕು. ಭತ್ತದ ಊರಿನ ಹುಡುಗಿ. ಅವಳ ಮೊರ ದಾಟಿ ಒಂದು ಕಲ್ಲೂ ಒಲೆ ಮುಟ್ಟಿದ್ದಿಲ್ಲ.

"ಸಾಕು ಬಿಡಲೇ, ಅಕ್ಕಿನ ಉಳಿಯಂಗಿಲ್ಲ," ತಾಯಿ ಹೊನ್ನೂರಮ್ಮ ನಕ್ಕಳು. "ನಿನ್ನ ಕಟ್ಟಿಕೊಂಡಾವ ಬರೇ ಗಂಜಿ ಕುಡೀಬೇಕು."

"ಅವನನ್ನೂ ಕೇರಿಬಿಡ್ತೀನಿ ತಗೊಳವ್ವ."

ಅನಿತಾ ಬಳ್ಳಾರಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅಧ್ಯಯನಕ್ಕೆಂದು ಅವಳ ಪಾಲಿಗೆ ಬಂದದ್ದು ಒಂದು ಎಳೆಯ ನಕ್ಷತ್ರ. ನಮ್ಮ ಸೂರ್ಯನ ಜಾತಿಯದೇ, ವಯಸ್ಸು ಮಾತ್ರ ಚಿಕ್ಕದು. ಇಂಥ ನಕ್ಷತ್ರದ ಒಡಲಲ್ಲಿ ಕುದಿಯುವ ಅನಿಲ ಸದ್ದಿನ ಅಲೆಗಳನ್ನು ಎಬ್ಬಿಸುತ್ತದೆ, ನಕ್ಷತ್ರವಿಡೀ ನಡುಗುತ್ತದೆ. ಆ ಸದ್ದು ನಮ್ಮವರೆಗೆ ಬರುವುದಿಲ್ಲ; ನಡುಕಕ್ಕೆ ತಕ್ಕಂತೆ ಬೆಳಕು ತುಸುವೇ ಮಿನುಗುತ್ತದೆ. ಉಪಗ್ರಹ ಅಳೆದ ಆ ಬೆಳಕಿನಲ್ಲಿ ಅನಿತಾ ವರ್ಷಗಟ್ಟಲೆ ಹುಡುಕಿದ್ದಳು. ನಡುಕ ಸಿಕ್ಕಿರಲಿಲ್ಲ. ಅದನ್ನು ಬಿಟ್ಟು ಬೇರೆ ನಕ್ಷತ್ರ ಹಿಡಿ ಎಂದು ಮಾರ್ಗದರ್ಶಕರಾದ ರಘೋತ್ತಮ ಸರ್ ಹೇಳಿದ್ದರು. ಸೋಮವಾರ ಹೂಂ ಅನ್ನಬೇಕಿತ್ತು.

ಸೋಮವಾರದ ಬಸ್ಸು ಕುರುಗೋಡಿನಲ್ಲಿ ನಿಂತಾಗ ಹೆಂಗಸೊಬ್ಬಳು ತೌಡಿನ ಚೀಲ ಹತ್ತಿಸಿದಳು.

"ಏನಬೇ, ಬಸ್ಸೆಲ್ಲಾ ಧೂಳು ಮಾಡ್ತೀ!" ಕಂಡಕ್ಟರ್ ರೇಗಿದ.

"ನಿನಗ ಧೂಳಪ್ಪಾ, ನನ್ನ ಎಮ್ಮಿಗೆ ಊಟ ಐತಿ."

ಬಸ್ಸಿನವರೆಲ್ಲ ನಕ್ಕರು. ಅನಿತಾ ನಗಲಿಲ್ಲ; ಅವಳಿಗೆ ತನ್ನ ನಕ್ಷತ್ರದ ಬೆಳಕು ನೆನಪಾಯಿತು. ನಿಮಿಷಗಳಲ್ಲಿ ಮಿನುಗುವ ನಡುಕ ಕಾಣಲೆಂದು, ದಿನಗಟ್ಟಲೆ ನಿಧಾನವಾಗಿ ಏರಿಳಿಯುವ ಬೆಳಕನ್ನೆಲ್ಲ ಅವಳು ಕಸವೆಂದು ತೆಗೆದುಹಾಕಿದ್ದಳು. ಆ ಏರಿಳಿತ ನಕ್ಷತ್ರದ ಮೈಮೇಲಿನ ಕಪ್ಪು ಕಲೆಗಳದು. ಕಲೆಗಳು ಕಾಂತಶಕ್ತಿಯಿಂದ ಹುಟ್ಟಿದವು. ಅದೇ ಶಕ್ತಿ ನಡುಕವನ್ನೂ ಅದುಮುತ್ತದೆ. ನಕ್ಷತ್ರದಲ್ಲಿ ನಡುಕದ ಹಾಡು ಯಾಕಿಲ್ಲ ಎಂದು ಹೇಳಬಲ್ಲ ಸಾಕ್ಷಿಯನ್ನು ಅವಳ ಕೈಯೇ ತೂರಿಬಿಟ್ಟಿತ್ತು.

ವಿಭಾಗದ ಮುಂದಿನ ಚಹಾ ಅಂಗಡಿಯಲ್ಲಿ ರಘೋತ್ತಮ ಸರ್ ಸಿಕ್ಕರು.

"ಸರ್, ಆ ನಕ್ಷತ್ರ ಬಿಡಂಗಿಲ್ಲರಿ."

"ಮೂಕಬಸವನ್ನ ಎಷ್ಟು ದಿನ ಮಾತಾಡಸ್ತೀಯವಾ?"

"ಮೂಕ ಅಲ್ಲರಿ, ಬಾಯಿ ಕಟ್ಟೈತಿ. ಕಲೆ ಹೆಚ್ಚಿದ್ದಾಗ ನಡುಕ ಅಡಗಬೇಕು, ಕಡಿಮಿ ಆದಾಗ ತುಸು ಏಳಬೇಕು. ಕಲೆನ್ನ ಕಸ ಅಂತ ನಾನ ತೆಗೆದಿದ್ದೆ. ಎರಡೂ ಜೋಡಿಸಿ ನೋಡ್ತೀನಿ."

"ಏಳಲಿಲ್ಲ ಅಂದ್ರ?"

"ಏಳಲಿಲ್ಲ ಅಂತನ ಬರೀತೀನ್ರಿ."

"ಮೊದಲಿಂದ ಎಲ್ಲಾ ಮಾಡಬೇಕಲ್ಲ! ಈ ವರ್ಷಕ್ಕ ನಿನ್ನ ಫೆಲೋಶಿಪ್ ಮುಗೀತೈತಿ."

"ಗಾಂಧಿನಗರದಾಗ ಟ್ಯೂಷನ್ ಹೇಳ್ತೀನಿ."

"ಹುಚ್ಚಿ! ಕೇಳಿಲ್ಲಿ, ನನ್ನ ಹತ್ರ ಒಂದು ಮುದಿ ನಕ್ಷತ್ರ ಐತಿ. ಕಲೆ ಇಲ್ಲ, ಕಾಟ ಇಲ್ಲ, ಭಾಳ ಚಲೋ ಹಾಡತೈತಿ..."

ಅನಿತಾ ಚಹಾದ ಲೋಟ ಕಟ್ಟೆಯ ಮೇಲಿಟ್ಟು ಕಂಪ್ಯೂಟರ್ ಕೋಣೆಯ ಕಡೆ ನಡೆದೇಬಿಟ್ಟಳು. ಸರ್ ಇನ್ನೂ ಮುದಿ ನಕ್ಷತ್ರದ ಗುಣಗಾನದಲ್ಲಿದ್ದರು.